ಬಂದ್ ಮಾಡದೆ ಜೇವರ್ಗಿತನಕ

ನರೋಣಾದ ನಮ್ಮ ಮನೆಯ ಮುಂದೆ ಆ ದಿನ ಮುಂಜಾನೆ ಕಾರಿನಲ್ಲಿ ನಾವು ಮೂವರಿದ್ದೆವು. ಸ್ಟೇರಿಂಗ್ ಹಿಡಿದು ನನ್ನ ಹೆಂಡತಿ ರತ್ನಾಬಾಯಿ, ಅವಳ ಎಡಕ್ಕೆ ನಾನು, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತ ಅವಳ ಅಣ್ಣ ಗುರುಪಾದಪ್ಪ. ನಮ್ಮನ್ನು ಬೀಳ್ಕೊಡಲು ಪಕ್ಕದ ಮನೆಯ ಮಹಾದೇವಿ ಚಳಿಗೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಮನೆಯ ಕೀಲಿಕೈಯನ್ನು ಅವಳ ಹತ್ತಿರ ಕೊಟ್ಟಿದ್ದೆವು.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಗೇರಿನ ಕೋಲು ಸ್ಟೇರಿಂಗಿಗೇ ಅಂಟಿಕೊಂಡಿರುವ ಕಾಲದ ಬಿಳಿ ಗಾಡಿ. ರತ್ನಾ ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ವರ್ಗವಾಗಿ ಹೋದ ಡಾಕ್ಟರರಿಂದ ಕೊಂಡದ್ದು. ಶಾಲೆಯ ಬಯಲಿನಲ್ಲಿ ಅದರ ಮೇಲೆಯೇ ಡ್ರೈವಿಂಗ್ ಕಲಿತಳು. ಊರ ಮಂದಿ ಅದನ್ನು ‘ಸಿಸ್ಟರ್ ಗಾಡಿ’ ಎನ್ನುತ್ತಾರೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದೆನೇ ಹೊರತು ಸೈಕಲ್ಲಿನಿಂದ ಮುಂದಕ್ಕೆ ಹೋಗಲಿಲ್ಲ. ರತ್ನಾ ಕೂಡ ಬೇರೆ ಯಾವ ಕಾರನ್ನೂ ಓಡಿಸಲಾರಳು. ಗುರುಪಾದಪ್ಪನ ಹೊಸ ಕಾರಿನಲ್ಲಿ ಒಮ್ಮೆ ಪ್ರಯತ್ನಿಸಿದಳು. ಎಡಗೈ ಗಾಳಿಯಲ್ಲೇ ಗೇರು ಹುಡುಕಿ ಹುಡುಕಿ ಕಡೆಗೆ ವೈಪರ್ ಚಾಲೂ ಮಾಡಿತು. ಇಳಿದು ಬಂದವಳು ಒಂದೇ ಮಾತು ಹೇಳಿದಳು: “ನಮ್ಮ ಗಾಡಿ ಹೋದ ದಿನ ನಾ ಗಾಡಿ ಹೊಡಿಯೋದೂ ಮುಗೀತು.”

ಆ ದಿನ ಹತ್ತಿರ ಬಂದಂತೆ ಕಾಣುತ್ತಿತ್ತು. ಮೂರನೆಯ ಗೇರು ಹಾಕಿದರೆ ತಾನಾಗಿ ಹೊರಗೆ ಬೀಳುತ್ತಿತ್ತು. ಆಳಂದದ ಮೂರು ಗ್ಯಾರೇಜಿನವರೂ ಬಾನೆಟ್ ಎತ್ತಿ, ನೋಡಿ, ಮೆಲ್ಲಗೆ ಮುಚ್ಚಿ, “ಶೋಕೇಸಿನ್ಯಾಗ ಇಡ್ರಿ ಸಿಸ್ಟರ್” ಎಂದಿದ್ದರು. ಗುರುಪಾದಪ್ಪ ಆಗಲೇ ಗುಜರಿಯವನೊಬ್ಬನನ್ನು ಗೊತ್ತು ಮಾಡಿದ್ದ. ಸೋಮವಾರ ಬಂದು ಒಯ್ಯುತ್ತಾನಂತೆ. ನಮಗೆ ಉಳಿದಿದ್ದವನು ಜೇವರ್ಗಿಯ ಮೌಲಾಲಿ ಮಿಸ್ತ್ರಿ ಒಬ್ಬನೇ. ಇಂಥ ಗಾಡಿಯ ರೋಗ ತನ್ನಷ್ಟು ಬಲ್ಲವರು ಹೈದರಾಬಾದಿನಲ್ಲೂ ಇಲ್ಲ ಎಂಬುದು ಅವನದೇ ಅಭಿಪ್ರಾಯ.

ಹಿಂದಿನ ದಿನ ಅವನಿಗೆ ಫೋನ್ ಮಾಡಿದ್ದೆ. ಅತ್ತ ಸುತ್ತಿಗೆಯ ಸಪ್ಪಳ, ಇತ್ತ ನಮ್ಮೂರ ನೆಟ್‌ವರ್ಕ್. “ಬುಶ್ ಸವದಾವ್ರಿ ಮಾಸ್ತರ, ನನ್ನ ಬಲ್ಲಿ ಹೊಸಾವು ಅವ” ಎಂದದ್ದು ಕೇಳಿಸಿತು. ಗೇರಿನ ಸಳಿಗಳು, ಅಂದರೆ ಕಬ್ಬಿಣದ ಕಡ್ಡಿಗಳು, ಕೂಡುವಲ್ಲಿ ಇರುವ ಸಣ್ಣ ಬಳೆಗೆ ಬುಶ್ ಎನ್ನುತ್ತಾರೆ. “ನಾಳೆ ಬರ್ತೇವಿ” ಎಂದೆ. ಅವನು ಏನೋ ಉದ್ದಕ್ಕೆ ಹೇಳಿದ. ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯದಷ್ಟೇ: “ಏನರ ಆಗ್ಲಿ, ನಾಳಿ ದಿನಾ ಪೂರಾ ಬಂದ್ ಮಾತ್ರ ಮಾಡಬ್ಯಾಡ್ರಿ!”

ಇದನ್ನು ಹೇಳಿದಾಗ ಗುರುಪಾದಪ್ಪ ನಕ್ಕ. “ಗೇರಿಗೂ ಇಂಜಿನ್ ಬಂದ್ ಮಾಡೋದಕ್ಕೂ ಏನ್ ಸಂಬಂಧ?”

“ಗುಳಿಗಿ ಬರದ್ ಕೊಟ್ಟ ಮ್ಯಾಲ ಯಾಕ ಅಂತ ಕೇಳಬಾರದು ಅಣ್ಣಾ, ನುಂಗಬೇಕು” ಎಂದಳು ರತ್ನಾ.

ಕಲಬುರಗಿ ಮೇಲಿಂದ ಹೋಗಿದ್ದರೆ ದಾರಿ ಅರ್ಧವಾಗುತ್ತಿತ್ತು. ಆದರೆ ಅಲ್ಲಿ ಸಿಗ್ನಲ್ಲುಗಳಿವೆ, ಹಿಂದೆ ಹಾರ್ನ್ ಬಾರಿಸುವವರಿದ್ದಾರೆ. ಗೇರು ಕೈಕೊಟ್ಟರೆ ಮರ್ಯಾದೆ ಉಳಿಯುವುದಿಲ್ಲ. ಹೀಗಾಗಿ ಆಳಂದ, ಅಫಜಲಪುರ, ಘತ್ತರಗಿ ಎಂದು ಸುತ್ತು ಹಾಕಿ ಜೇವರ್ಗಿ ಮುಟ್ಟುವುದೆಂದು ಠರಾವಾಯಿತು. ನನ್ನ ಕೆಲಸ ಮೂರನೆಯ ಗೇರು ಬೀಳದಂತೆ ಬಲಗೈಯಿಂದ ಕೋಲನ್ನು ಒತ್ತಿ ಹಿಡಿಯುವುದು. ಗುರುಪಾದಪ್ಪನ ಕೆಲಸ ಹಿಂದೆ ಕುಳಿತು ದಾರಿ ಹೇಳುವುದು. ಅದನ್ನು ಅವನಿಗೆ ಯಾರೂ ವಹಿಸಿರಲಿಲ್ಲ.

ಆಳಂದ ಮುಟ್ಟಿದಾಗ ಬಿಸಿಲು ಎಳೆಯದಿತ್ತು. ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆವು. ತಿಂದೆವು ಎಂದರೆ ಅಣ್ಣ ತಂಗಿ ಪಾಳಿ ಹಚ್ಚಿ ತಿಂದರು. ಇಬ್ಬರು ಬೆಂಚಿನ ಮೇಲೆ, ಒಬ್ಬರು ಇಂಜಿನ್ ಆರದಂತೆ ಎಕ್ಸಲರೇಟರಿನ ಮೇಲೆ. ಹೋಟೆಲಿನವನು ಹೊಗೆ ತಡೆಯದೆ ಹೊರಗೆ ಬಂದ.

“ಬಂದ್ ಮಾಡ್ರಿ ಮಾಮಾ, ಮಿರ್ಚಿಗೆ ಪೆಟ್ರೋಲ್ ವಾಸನಿ ಹೊಡಿಯಾಕತ್ತದ.”

“ಮಿಸ್ತ್ರಿ ಬ್ಯಾಡಂದಾನ” ಎಂದೆ.

“ಮಿಸ್ತ್ರಿಗಿ ಹೇಳ್ರಿ, ಅಂವ ಬಂದು ಇಲ್ಲಿ ಮಿರ್ಚಿ ತಿನ್ನಲಿ.”

ಅವನ ಮಾತಿನಿಂದ ಮಿಸ್ತ್ರಿ ನೆನಪಾಗಿ ಮೊಬೈಲ್ ತೆಗೆದು ನೋಡಿದೆ. ಚಾರ್ಜು ತಳ ಕಂಡಿತ್ತು. ನಮ್ಮ ಗಾಡಿ ಹುಟ್ಟಿದಾಗ ಮೊಬೈಲೇ ಹುಟ್ಟಿರಲಿಲ್ಲ, ಚಾರ್ಜರಿಗೆ ಜಾಗ ಎಲ್ಲಿಂದ ಬರಬೇಕು? ಜೇವರ್ಗಿಯಲ್ಲಿ ಬೇಕಾದೀತು ಎಂದು ಸ್ವಿಚ್ ಆಫ್ ಮಾಡಿ ಜೇಬಿಗಿಟ್ಟೆ. ರತ್ನಾ ತನ್ನದನ್ನು ಮನೆಯಲ್ಲೇ ಬಿಟ್ಟಿದ್ದಳು, ಗುರುಪಾದಪ್ಪನ ನಂಬರು ಮಿಸ್ತ್ರಿಗೆ ಗೊತ್ತಿರಲಿಲ್ಲ.

ಅಫಜಲಪುರದ ದಾರಿ ಅರವತ್ತು ಕಿಲೋಮೀಟರಿನ ಆಸುಪಾಸು. ರಸ್ತೆಯ ಮೇಲೆ ಅಲ್ಲಲ್ಲಿ ತೊಗರಿಕಟ್ಟಿಗೆ ಹಾಸಿದ್ದರು. ಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂಬ ಉಪಾಯ. ಒಬ್ಬ ಹೆಣ್ಣುಮಗಳು ನಮ್ಮ ಗಾಡಿ ಮೆಲ್ಲಗೆ ಬರುವುದನ್ನು ಕಂಡು ಸಂತೋಷದಿಂದ, “ಯಕ್ಕಾ, ಇನ್ನೊಂದ್ ಸಲ ಹಿಂದಕ್ಕ ಹೋಗಿ ಬಾ ಬೇ, ಛಲೋ ತುಳಿಯಾಕತ್ತದ” ಎಂದಳು. ಅದಾದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಅವನ್ನು ಹಿಂದೆ ಹಾಕಲು ಮೂರನೆಯ ಗೇರು ಬೇಕು. ಗೇರು ನಿಲ್ಲಲು ನನ್ನ ಕೈ ಬೇಕು. ಕೈ ಜೋಮು ಹಿಡಿದಿತ್ತು. ಮಾಶಾಳದ ಆಚೆತನಕ ಕಬ್ಬಿನ ಮೆರವಣಿಗೆಯ ಹಿಂದೆ ಮದುಮಕ್ಕಳ ಹಾಗೆ ಸಾಗಿದೆವು.

ಅಫಜಲಪುರದಲ್ಲಿ ಗುರುಪಾದಪ್ಪ ಹೊಸ ಚಪ್ಪಲಿ ಕೊಂಡ. ಕೊಲ್ಹಾಪುರದ್ದು, ದಪ್ಪ ಅಟ್ಟೆಯದು, ನಡೆದರೆ ಕರ್ರ್ ಎನ್ನುವಂಥದು. ಅವನು ಚೌಕಾಸಿ ಮಾಡುವಷ್ಟು ಹೊತ್ತೂ ಗಾಡಿ ಅಂಗಡಿಯ ಮುಂದೆ ಗುಡುಗುಡು ಎನ್ನುತ್ತಲೇ ಇತ್ತು.

ಘತ್ತರಗಿಗೆ ಬಂದಾಗ ಮಧ್ಯಾಹ್ನ. ಭೀಮೆಯ ದಂಡೆಯತನಕ ಬಂದು ಭಾಗ್ಯವಂತಿ ದೇವಿಗೆ ಕೈಮುಗಿಯದೆ ಹೋಗಲು ರತ್ನಾ ಸಿದ್ಧಳಿರಲಿಲ್ಲ. ಅಣ್ಣ ತಂಗಿ ಗುಡಿಗೆ ಹೋದರು. ನಾನು ಡ್ರೈವರನ ಸೀಟಿನಲ್ಲಿ ಕುಳಿತು, ಅವಳು ತೋರಿಸಿದ ಜಾಗದಲ್ಲಿ ಬಲಗಾಲಿಟ್ಟು ಒತ್ತಿಕೊಂಡಿದ್ದೆ. ಜೀವನದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕುಳಿತದ್ದು. ಸ್ವಲ್ಪ ಗತ್ತಿನಿಂದಲೇ ಕುಳಿತಿದ್ದೆ.

ನಮ್ಮ ಕಡೆ ಬಾಡಿಗೆ ಜೀಪಿನವರ ಪದ್ಧತಿಯೊಂದಿದೆ. ಸೀಟು ತುಂಬದಿದ್ದರೂ ಇಂಜಿನ್ ಚಾಲೂ ಇಟ್ಟಿರುತ್ತಾರೆ. ಚಾಲೂ ಇದ್ದರೆ ಈಗ ಬಿಡುತ್ತದೆ ಎಂದರ್ಥ, ಮಂದಿ ಓಡಿ ಬಂದು ಹತ್ತುತ್ತಾರೆ. ಇದು ನನಗೂ ಗೊತ್ತು. ಆದರೆ ನೆನಪಾದದ್ದು ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿದ ಮೇಲೆ. ತಿರುಗಿ ನೋಡಿದರೆ ಒಬ್ಬ ಮುದುಕಿ, ಇಬ್ಬರು ಸೊಸೆಯಂದಿರು, ಒಂದು ಕೂಸು, ತೆಂಗಿನಕಾಯಿಯ ಚೀಲ.

“ಗಾಣಗಾಪುರಕ್ಕ ಸೀಟಿಗಿ ಎಷ್ಟಪಾ?” ಎಂದಳು ಮುದುಕಿ.

“ಇದು ಬಾಡಗಿ ಗಾಡಿ ಅಲ್ಲ ಯವ್ವಾ.”

“ಮತ್ತ ಯಾಕ ಚಾಲೂ ಇಟ್ಟೀ?”

ಉತ್ತರ ಉದ್ದವಿತ್ತು. ನಾನು ಬುಶ್ಶಿನಿಂದ ಆರಂಭಿಸಿದೆ. ಅಷ್ಟರಲ್ಲಿ ಇನ್ನೊಬ್ಬ ಗೃಹಸ್ಥ ಎಡಬಾಗಿಲಿನಿಂದ ಬಂದು ನನ್ನ ಪಕ್ಕ ಕುಳಿತೇಬಿಟ್ಟ.

“ತುಂಬ್ತಲ್ಲಪಾ, ಬಿಡು ಇನ್ನ. ಖಾಲಿಪೀಲಿ ಯಾಕ ಕುಂತೀ?”

“ನನಗ ಹೊಡಿಯಾಕ ಬರಂಗಿಲ್ರಿ.”

ಮುದುಕಿ ಕೂಸನ್ನು ಎದೆಗೆ ಅವಚಿಕೊಂಡಳು. “ಬರಂಗಿಲ್ಲಂದ್ರ ಅಲ್ಯಾಕ ಕುಂತೀ ನನ ಹಾಟ್ಯಾ? ಇಳೀರಿ ಬೇ, ಇಳೀರಿ ಲಗೂ! ದೇವಿ ಕಾಯ್ದಳು!”

ಹೋಗುವಾಗ ಗೃಹಸ್ಥ ಮಾತ್ರ ಕಿಟಕಿಯಲ್ಲಿ ಬಗ್ಗಿ, “ಓನರ್ ಬರೋತನ ಯಾವದಕ್ಕೂ ಕೈ ಹಚ್ಚಬ್ಯಾಡ್ರಿ” ಎಂದು ಬುದ್ಧಿ ಹೇಳಿದ. ಓನರ್ ಕುಂಕುಮ ಹಚ್ಚಿಕೊಂಡು ಬಂದಳು. ನಾನು ನಡೆದದ್ದನ್ನು ಹೇಳಲಿಲ್ಲ. ಮುದುಕಿ ಗುಡಿಯ ಬಾಗಿಲಲ್ಲೇ ಅವರಿಗೆ ಸಿಕ್ಕು ಎಲ್ಲ ಹೇಳಿದ್ದಳಂತೆ.

ಹೊಳೆ ದಾಟಿ ಜೇವರ್ಗಿಯ ಕಡೆ ಹೊರಳಿದೆವು. ಊರು ಕಣ್ಣಿಗೆ ಬಿದ್ದು, ಪೆಟ್ರೋಲ್ ಬಂಕಿನ ಬೋರ್ಡೂ ಕಾಣುವಷ್ಟರಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮುಂಜಾನೆಯಿಂದ ಕಿವಿಯಲ್ಲಿದ್ದ ಗುಡುಗುಡು ನಿಂತದ್ದೇ ಹೊಲದೊಳಗಿನ ಹಕ್ಕಿಗಳೆಲ್ಲ ಕೇಳಿಸಿದವು.

“ನಾವೇನ್ ಬಂದ್ ಮಾಡಿಲ್ಲ” ಎಂದಳು ರತ್ನಾ, ಕೋರ್ಟಿನಲ್ಲಿ ಹೇಳುವವಳಂತೆ.

ಪೆಟ್ರೋಲು ಮುಗಿದಿತ್ತು. ಮಿರ್ಚಿ, ಚಪ್ಪಲಿ, ದರ್ಶನ, ಎಲ್ಲದರಲ್ಲೂ ಕುಡಿಯುತ್ತ ಬಂದಿತ್ತಲ್ಲ. ನಾನೂ ಗುರುಪಾದಪ್ಪನೂ ಬಂಕಿನತನಕ ತಳ್ಳಿದೆವು. ಎಣ್ಣೆ ಬಿದ್ದ ಮೇಲೆ ಉಸಿರು ಬಿಗಿಹಿಡಿದು ರತ್ನಾ ಕೀಲಿ ತಿರುಗಿಸಿದಳು. ಒಂದೇ ಏಟಿಗೆ ಚಾಲೂ ಆಯಿತು. ಗುರುಪಾದಪ್ಪ ನನ್ನ ಮುಖ ನೋಡಿದ. ನಾನು ಬೋರ್ಡು ಓದಿದೆ.

ಮೌಲಾಲಿಯ ಗ್ಯಾರೇಜಿಗೆ ಬಂದರೆ ಬೀಗ. ಪಕ್ಕದ ಹಣ್ಣಿನ ಅಂಗಡಿಯವನು ಹೇಳಿದ: “ಮಿಸ್ತ್ರಿ ಮುಂಜಾನಿನೇ ನರೋಣಾಕ್ಕ ಹೋದ್ರಲ್ರಿ, ಯಾರೋ ಸಿಸ್ಟರ್ ಗಾಡಿ ರಿಪೇರಿಗಿ.”

ಫೋನ್ ಚಾಲೂ ಮಾಡಿದೆ. ಮಾಡಿದ ಕೂಡಲೇ ಅದು ಬಾರಿಸತೊಡಗಿತು.

“ಎಲ್ಲಿ ಹಾಳಾಗಿರಿ ಮಾಸ್ತರ? ನಿನ್ನಿ ಏನ್ ಹೇಳೀನಿ? ಗಾಡಿ ತರಬ್ಯಾಡ್ರಿ, ನಾನೇ ಬುಶ್ ತಗೊಂಡ್ ಬರ್ತೀನಿ, ಫೋನ್ ಬಂದ್ ಮಾಡಬ್ಯಾಡ್ರಿ ಅಂತ ಹೇಳಿಲ್ಲೇನು?”

“ಫೋನ್ ಏನ್ರಿ?”

“ಮತ್ತೇನು ಇಂಜಿನ್ನಾ?”

ಅವನ ಕೂಗು ಫೋನಿನ ಹೊರಗೂ ಕೇಳಿಸುತ್ತಿತ್ತು. ಗುರುಪಾದಪ್ಪ ಹಣ್ಣಿನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದ.

ರತ್ನಾ ನಗಲಿಲ್ಲ. ಫೋನನ್ನು ಕಸಿದು ಅಂಗಡಿಯವನ ಚಾರ್ಜರಿಗೆ ಸಿಕ್ಕಿಸಿದಳು. “ಮಿಸ್ತ್ರಿ, ನೀವು ನಮ್ಮನ್ಯಾಗೇ ಇರ್ರಿ. ನಾವು ಬರ್ತೇವಿ. ಇಬ್ರೂ ಹೊಂಟ್ರ ಇವತ್ತು ಯಾರಿಗಿ ಯಾರೂ ಸಿಗಂಗಿಲ್ಲ. ಊಟ ಆತೇನು?”

“ಮಹಾದೇವಕ್ಕ ಮಾಡಿ ಹಾಕ್ಯಾರ. ಎರಡು ಸಲ ಆತು.”

“ಆ ಬುಶ್ಶಿನ ಬದ್ಲಿ ಇಲ್ಲಿ ಏನ್ ಹಾಕ್ಲಿ, ಹೇಳ್ರಿ.”

“ದಪ್ಪನ ಚರ್ಮ ಸಿಕ್ರ ಮನಿತನಕ ಬರ್ತದ. ಹೊಸಾದಿರಬೇಕು, ಸವದಿರಬಾರದು.”

ನಾವಿಬ್ಬರೂ ಒಮ್ಮೆಲೇ ಗುರುಪಾದಪ್ಪನ ಕಾಲು ನೋಡಿದೆವು. ಅವನ ನಗೆ ನಿಂತಿತು.

“ಏ ತಂಗೀ, ಇವತ್ತಽ ತಗೊಂಡೀನಿ.”

“ಅದಕ್ಕಽ ಅಣ್ಣಾ, ಸವದಿಲ್ಲ.”

ಹಣ್ಣಿನವನ ಚೂರಿಯಿಂದ ಎಡಗಾಲಿನ ಚಪ್ಪಲಿಯ ಹಿಮ್ಮಡಿಯ ಅಟ್ಟೆಯನ್ನು ರತ್ನಾ ಎರಡು ಬಿಲ್ಲೆಯಾಗಿ ಕತ್ತರಿಸಿ ತೂತು ಮಾಡಿದಳು. ಮಿಸ್ತ್ರಿ ಸ್ಪೀಕರಿನಲ್ಲಿ ಕೂಗುತ್ತಿದ್ದ, ಅವಳು ಬಾನೆಟ್ಟಿನೊಳಗೆ ತಲೆ ಹಾಕಿದ್ದಳು. ಎರಡು ಸಲ ಅವನು ಹೇಳಿದ ಸಳಿ ತಪ್ಪಾಗಿತ್ತು. ಮೂರನೆಯ ಸಲ, “ಸುಮ್ಮನಿರ್ರಿ, ನನಗ ಕಾಣಾಕತ್ತದ” ಎಂದು ತಾನೇ ಕೂಡಿಸಿದಳು.

ಆಮೇಲೆ ಅವಳು ಗಾಡಿಯನ್ನು ನೇರವಾಗಿ ಕಲಬುರಗಿಯ ಕಡೆ ತಿರುಗಿಸಿದಳು. ಸಿಗ್ನಲ್ಲಿನಲ್ಲಿ ನಿಂತಳು, ಬಿಟ್ಟಳು. ಒಂದು, ಎರಡು, ಮೂರು. ಮೂರನೆಯ ಗೇರು ಬೀಳದೆ ಅಲ್ಲೇ ನಿಂತಿತು. ಅಭ್ಯಾಸಬಲದಿಂದ ಕೈ ಚಾಚಿದ ನನ್ನನ್ನು, “ಕೈ ತಗೀರಿ” ಎಂದಳು. ಹಿಂದೆ ಯಾರೂ ಹಾರ್ನ್ ಬಾರಿಸಲಿಲ್ಲ.

ಸಂಜೆ ಮನೆ ಮುಟ್ಟಿದರೆ ಮೌಲಾಲಿ ನಮ್ಮ ಕಟ್ಟೆಯ ಮೇಲೆ, ಊರ ಅರ್ಧ ಮಂದಿಯ ನಡುವೆ, ಹೈದರಾಬಾದಿನ ಕಥೆ ಹೇಳುತ್ತ ಕುಳಿತಿದ್ದ. ಬಾನೆಟ್ ಎತ್ತಿ ಚರ್ಮವನ್ನು ಬೆರಳಿನಿಂದ ತೀಡಿದ. “ನೋಡ್ರಿ, ನಾ ಹೇಳಿದ್ದಕ್ಕ ಎಷ್ಟ್ ಛಲೋ ಕುಂತದ! ಇದನ್ನ ತಗಿಯಂಗಿಲ್ಲ” ಎಂದು ತನ್ನ ಬುಶ್ಶನ್ನು ಜೇಬಿಗೆ ಹಾಕಿಕೊಂಡ. ಗುರುಪಾದಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತು ಗುಜರಿಯವನಿಗೆ ಫೋನ್ ಹಚ್ಚಿದ. “ಸೋಮವಾರ ಬರಬ್ಯಾಡಪಾ. ಕೊಡಂಗಿಲ್ಲ. ಅದರಾಗ ನನ್ನ ಚಪ್ಪಲಿ ಅದ.”

ಮುಂದಿನ ತಿಂಗಳು ರತ್ನಾ ಗಾಡಿಗೆ ಆಯಿಲ್ ಬದಲಿಸಲು ಜೇವರ್ಗಿಗೆ ಒಬ್ಬಳೇ ಹೋದಳು. ನಾನು ಬರುತ್ತೇನೆಂದರೂ ಬೇಡವೆಂದಳು. ಆ ದಿನ ಜೋಳದ ರೊಟ್ಟಿ ನಾನೇ ಬಡಿದೆ. ಅವಳು ಸಂಜೆ ಬಂದು, ಕೈಕಾಲು ತೊಳೆದು, ಮೂರು ತುಂಡಾಗಿದ್ದ ರೊಟ್ಟಿಯನ್ನು ಕೂಡಿಸಿಟ್ಟುಕೊಂಡು ಉಂಡಳು.