ಮೊದಲ ಚರಿಗೆ ಹೊಸ ನೀರು

ನಮ್ಮ ಓಣಿಯಲ್ಲಿ ಯಾರೂ ನೀರು ಬಂತು ಎನ್ನುವುದಿಲ್ಲ. "ನಳ ಬಂದಾವ" ಎಂದು ಕೂಗುತ್ತಾರೆ, ಊರಿಂದ ಬೀಗರು ಬಂದಿಳಿದ ಹಾಗೆ. ಬೀಗರಾದರೂ ಹೊರಡುವ ಮುಂಚೆ ಒಂದು ಫೋನು ಮಾಡುತ್ತಾರೆ. ನಳಕ್ಕೆ ಅಷ್ಟು ಸೌಜನ್ಯವೂ ಇಲ್ಲ. ಕಮರಿಪೇಟೆಯ ನಮ್ಮ ಮನೆಗೆ ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದಾಗ ರೊಟ್ಟಿ ಹಂಚಿನ ಮೇಲೆ ಕರಕಾಗಲಿ, ಸೀರೆಯ ನೆರಿಗೆ ಅರ್ಧಕ್ಕೇ ನಿಲ್ಲಲಿ, ಕೊಡ ಹಿಡಿದು ಓಡಲೇಬೇಕು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವ ನಾನು ಎಷ್ಟೋ ಸಲ ತಡವಾಗಿ ಹೋಗಿ, "ನಳ ಬಂದಿದ್ವು ಸರ್" ಎಂದು ಹೆಡ್‌ಮಾಸ್ಟರ ಮುಂದೆ ತಲೆ ತಗ್ಗಿಸಿದ್ದೇನೆ. ಅವರೂ ಇದೇ ಊರಿನವರು, ಹೆಚ್ಚು ಮಾತಾಡುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಅವ್ವನದೊಂದು ಕಾಯಿದೆ ಇತ್ತು. ಹಳೇ ನೀರನ್ನು ಕಾಸಬೇಕು, ಹೊಸ ನೀರನ್ನು ಕಾಸಬಾರದು. ಬ್ಯಾರಲ್ಲಿನಲ್ಲಿ ನಿಂತ ನೀರು ಎರಡನೆಯ ದಿನಕ್ಕೆ ಅವಳ ಲೆಕ್ಕದಲ್ಲಿ ಹಳತು. ಅದನ್ನು ಒಲೆಯ ಮೇಲಿಟ್ಟು, ಕೊತಕೊತ ಕುದಿಸಿ, ಆರಿಸಿ ತುಂಬಿಡುತ್ತಿದ್ದಳು. ಆದರೆ ನಳ ಬಂದ ದಿನ ಹಾಗಲ್ಲ. ಮೊದಲು ಬರುವ ಕೆಂಪು ನೀರನ್ನು ಬಚ್ಚಲಿಗೆ ಬಿಟ್ಟು, ತಿಳಿಯಾದ ಮೇಲೆ ಕೊಡದ ಬಾಯಿಗೆ ತೀರಿಹೋಗಿದ್ದ ಅಪ್ಪನ ಹಳೇ ಧೋತರದ ತುಂಡು ಕಟ್ಟಿ ಸೋಸಿ, ಹಿತ್ತಾಳೆಯ ಚರಿಗೆಯಲ್ಲಿ ಹಾಗೇ ಕುಡಿಯಲು ಕೊಡುವಳು. ಆ ಒಂದು ದಿನ ತಣ್ಣನೆಯ ಹಸಿ ನೀರು ಕುಡಿಯುವುದೇ ನಮ್ಮ ಮನೆಯ ಹಬ್ಬ. "ಈಗಷ್ಟ ಬಂದಾವ, ಬಂಗಾರದಂಥಾ ನೀರ. ಇವನ್ನ ಕಾಸಿ ರುಚಿ ಕೆಡಸೂದ್ಯಾಕ?" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಷ್ಟೇ ಅಲ್ಲ, ಓಣಿಯ ಅರ್ಧ ಮನೆಗಳಲ್ಲಿ ಇದೇ ಕಾಯಿದೆ ನಡೆಯುತ್ತಿತ್ತು.

ಹೊಸ ನೀರಿನ ಮೊದಲ ಚರಿಗೆ ಅಕ್ಕನಿಗೆ. ಅದರಲ್ಲಿ ತಕರಾರೇ ಇಲ್ಲ.

ಅಕ್ಕ ನನಗಿಂತ ದೊಡ್ಡವಳು, ಮದುವೆಯಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಜಂಪರುಗಳನ್ನು ಹೊಲಿಯುತ್ತ, ಜೊತೆಗೆ ಅವರ ಗುಟ್ಟುಗಳನ್ನೂ ಕೇಳಿಸಿಕೊಳ್ಳುತ್ತ ಇದ್ದವಳು. ಅವಳ ಎರಡೂ ಕಿಡ್ನಿ ಸಣ್ಣ ವಯಸ್ಸಿನಲ್ಲೇ ಕೆಟ್ಟವು. ವರ್ಷಗಟ್ಟಲೆ ಡಯಾಲಿಸಿಸ್ ನಡೆಯಿತು. ಆ ಕಾಲದ ಸಂಕಟಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಸೂಜಿಯಲ್ಲ, ನೀರು. ಮೈಯಲ್ಲಿ ನೀರು ನಿಲ್ಲುತ್ತದೆಂದು ಡಾಕ್ಟರು ಅವಳಿಗೆ ಅಳತೆ ಮಾಡಿ ಕೊಡಲು ಹೇಳಿದ್ದರು. ಒಂದು ಪುಟ್ಟ ಸ್ಟೀಲ್ ಲೋಟ, ಅದರಲ್ಲೂ ಅರ್ಧ. ವೈಶಾಖದ ಬಿಸಿಲಿನಲ್ಲಿ ಅಕ್ಕ ಒಂದು ಐಸಿನ ಚೂರನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾವು ಅವಳ ಮುಂದೆ ನೀರು ಕುಡಿಯುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕಳ್ಳರ ಹಾಗೆ ಕುಡಿಯುತ್ತಿದ್ದೆವು.

ಕೊನೆಗೆ ಅವ್ವ ತನ್ನದೊಂದು ಕಿಡ್ನಿ ಕೊಟ್ಟಳು. ಕೊಡುವ ಮುಂಚೆ ಯಾರ ಮಾತೂ ಕೇಳಲಿಲ್ಲ, ಕೊಟ್ಟ ಮೇಲೆ ಯಾರಿಗೂ ಹೇಳಿಕೊಳ್ಳಲಿಲ್ಲ. ಆಪರೇಶನ್ ಆಗಿ ಮನೆಗೆ ಬರುವಾಗ ಡಾಕ್ಟರು, "ಇನ್ನ ಚಂದಂಗ ನೀರ ಕುಡೀರಿ. ಕಾಸಿ ಆರಿಸಿದ್ದ ಆಗ್ಬೇಕು ಮತ್ತ" ಎಂದಿದ್ದರು. ಅವ್ವ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು, ತನ್ನ ಕಾಯಿದೆಯೊಳಗೇ. ಹಳೇ ನೀರನ್ನು ಮುಂಚಿಗಿಂತ ಹೆಚ್ಚು ಹೊತ್ತು ಕುದಿಸಿದಳು. ಹೊಸ ನೀರು ಕಾಸಬೇಕಾದ ನೀರೆಂದು ಅವಳ ತಲೆಗೆ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಆಪರೇಶನ್ನಿನ ನಂತರ ಮೊದಲ ಸಲ ನಳ ಬಂದ ಬೆಳಿಗ್ಗೆ ಅವ್ವ ಚರಿಗೆ ತುಂಬಿ ತಂದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಎತ್ತಿ ಕುಡಿದಳು. ಗಟಗಟ ಸದ್ದು ನಡುಮನೆಗೆಲ್ಲ ಕೇಳಿಸಿತು. ಗದ್ದದಿಂದ ಇಳಿದು ಜಂಪರು ತೊಯ್ದರೂ ನಿಲ್ಲಿಸಲಿಲ್ಲ. ಕುಡಿದು ಮುಗಿಸಿ, "ಇನ್ನೊಂದ ಕೊಡ ಯವ್ವಾ" ಎಂದಳು. ಅವ್ವ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು.

ಎರಡು ಮಳೆಗಾಲ ಸುಖವಾಗಿ ಕಳೆದವು. ಅಕ್ಕನ ಮುಖಕ್ಕೆ ಬಣ್ಣ ಬಂತು, ಗಿರಾಕಿಗಳೊಡನೆ ಜಗಳವಾಡುವಷ್ಟು ಶಕ್ತಿ ಬಂತು. ಮೂರನೆಯ ಮಳೆಗಾಲದಲ್ಲಿ ನಮ್ಮ ಓಣಿಯನ್ನು ಅಗೆದರು. ಒಂದು ಪೈಪು ಹಾಕಲು ಅಗೆದದ್ದನ್ನು ಮುಚ್ಚುವ ಮುಂಚೆ ಇನ್ನೊಂದಕ್ಕೆ ಅಗೆಯುವುದು ಈ ಊರಿನ ರೂಢಿ. ಗಟಾರದ ನೀರು, ಮಳೆ ನೀರು ಎಲ್ಲ ಒಂದೇ ಗುಂಡಿಯಲ್ಲಿ ನಿಂತವು. ಅದೇ ಗುಂಡಿಯಲ್ಲಿ ನಮ್ಮ ನಳದ ಪೈಪೂ ಮಲಗಿತ್ತು. ನೀರು ಬಿಡದ ದಿನ ಪೈಪು ಖಾಲಿ ಇರುತ್ತದೆ, ಖಾಲಿ ಪೈಪು ಸಂದಿನಿಂದ ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ, ನಳ ಬಂದಾಗ ಮೊದಲು ಬರುವುದೂ ಅದೇ, ನೀರು ತಿಳಿಯಾಗಿ ಕಂಡ ಮೇಲೂ ಅದರ ಅಂಶ ಉಳಿದಿರುತ್ತದೆ. ಇದೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ.

ಮೊದಲು ಹೊಟ್ಟೆ ಕೆಟ್ಟದ್ದು ನನ್ನದು. ನೀರಿನಂಥ ಭೇದಿ, ಹೊಟ್ಟೆ ನುಲಿತ. ಆಮೇಲೆ ಅವ್ವನಿಗೂ ಆಯಿತು. ಸಂತೆಯಲ್ಲಿ ತಿಂದ ಮಿರ್ಚಿ ಭಜಿಯನ್ನು ಬೈದುಕೊಂಡೆವು, ವಾರದಲ್ಲಿ ಚೇತರಿಸಿಕೊಂಡೆವು. ಅಕ್ಕನದು ಮಾತ್ರ ನಿಲ್ಲಲಿಲ್ಲ. ಓಣಿಯ ಡಾಕ್ಟರು ಅಮೀಬಾ ಇರಬಹುದೆಂದು ಗುಳಿಗೆ ಕೊಟ್ಟರು. ಸ್ವಲ್ಪ ಕಡಿಮೆಯಾದಂತೆ ಕಂಡು ಮತ್ತೆ ಶುರುವಾಯಿತು. ಮಲ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲವೆಂದು ರಿಪೋರ್ಟು ಬಂತು. ಏನೂ ಇಲ್ಲದ ಅಕ್ಕ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಕಿಡ್ನಿ ಡಾಕ್ಟರು ಅವಳನ್ನು ನೋಡಿದ ಕೂಡಲೇ ದವಾಖಾನೆಗೆ ಸೇರಿಸಿಕೊಂಡು ಸಲೈನ್ ಹಚ್ಚಿದರು. ಕೊಟ್ಟ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಅವಳು ದಿನವೂ ನುಂಗುತ್ತಿದ್ದ ಗುಳಿಗೆಗಳು ರೋಗದೊಡನೆ ಹೊಡೆದಾಡುವ ಶಕ್ತಿಯನ್ನೂ ಕುಗ್ಗಿಸಿರುತ್ತವೆ. ಅಂಥವರಿಗೆ ಬರುವ ಭೇದಿಯೇ ಬೇರೆ ಎಂದು ಹೇಳಿ, ಮತ್ತೆ ಮಲ ಪರೀಕ್ಷೆಗೆ ಬರೆದುಕೊಟ್ಟರು. "ದಿನಾ ಮಾಡೂ ಪರೀಕ್ಷಾದಾಗ ಇದು ಕಾಣೂದಿಲ್ರಿ. ಬ್ಯಾರೆ ಬಣ್ಣಾ ಹಾಕಿ ನೋಡಬೇಕು. ಒಂದ ಸಲ ಸಿಗಲಿಲ್ಲಂದ್ರ ಮತ್ತ ಮತ್ತ ನೋಡಬೇಕು." ಅಕ್ಕನಿಗೆ ಆ ಸ್ಥಿತಿಯಲ್ಲೂ ತಮಾಷೆ. ನಾನು ಪ್ಲಾಸ್ಟಿಕ್ ಡಬ್ಬಿಯನ್ನು ಲ್ಯಾಬಿಗೆ ಒಯ್ಯುವಾಗ, "ಹುಷಾರಿ, ಊಟದ ಡಬ್ಬಿ ಅಂತ ಹೈಸ್ಕೂಲಿಗೆ ಒಯ್ದೀಯಲೇ" ಎಂದಳು.

ಮೊದಲ ಸಲ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಕ್ರಿಪ್ಟೊಸ್ಪೊರಿಡಿಯಂ ಎಂಬ ಹೆಸರು. ನೀರಿನಲ್ಲಿ ಬರುವ, ಕಣ್ಣಿಗೆ ಕಾಣದ ಪರೋಪಜೀವಿ. ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದಂತೆ. ಮೈಮೇಲೆ ಎಂಥ ಗಟ್ಟಿ ಚಿಪ್ಪೆಂದರೆ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿಗೂ ಸಾಯುವುದಿಲ್ಲ. ಧೋತರದ ಬಟ್ಟೆ ಅದಕ್ಕೆ ತೆರೆದ ಬಾಗಿಲು. ಸಾಯುವುದು ಕುದಿಯುವ ನೀರಿನಲ್ಲಿ. ಗಟ್ಟಿಮುಟ್ಟಾದವರಿಗೆ ತಾನಾಗಿಯೇ ವಾಸಿಯಾಗುತ್ತದೆ, ಅಕ್ಕನಂಥವರಲ್ಲಿ ಬಿಟ್ಟು ಹೋಗುವುದಿಲ್ಲ.

"ನೀರ ಯಾವುವು ಕುಡೀತೀರಿ?" ಎಂದು ಡಾಕ್ಟರು ಕೇಳಿದರು.

"ಕಾಸಿ ಆರಿಸಿದ್ದರೀ" ಎಂದಳು ಅಕ್ಕ, ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದ ಹುಡುಗಿಯ ಹಾಗೆ.

"ಯಾವಾಗ್ಲೂ?"

ಅಕ್ಕ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಕ್ಷಣದಲ್ಲಿ ಆ ಹಿತ್ತಾಳೆಯ ಚರಿಗೆ ನೆನಪಾಯಿತು. "ನಳ ಬಂದ ದಿನ ಅಷ್ಟ... ಹೊಸಾ ನೀರ..." ಎಂದು ಅವಳ ದನಿ ಇಳಿಯಿತು. ಡಾಕ್ಟರು ಒಳ್ಳೆಯವರು. "ಅದರಿಂದನ ಬಂತು ಅಂತ ಹೇಳಾಕ ಬರೂದಿಲ್ಲ. ಇನ್ನ ಮ್ಯಾಲ ಎಲ್ಲಾನೂ ಕುದಿಸ್ರಿ" ಎಂದಷ್ಟೇ ಹೇಳಿ ಹೋದರು.

ಅವ್ವ ಹೊರಗೆ ಬೆಂಚಿನ ಮೇಲೆ ಗಂಜಿಯ ಡಬ್ಬಿ ಹಿಡಿದು ಕೂತಿದ್ದಳು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

"ಅವ್ವಗ ಹೇಳಬ್ಯಾಡ."

"ಹೇಳಲಿಲ್ಲಂದ್ರ ಮತ್ತ ಹಸೀ ನೀರ ಕೊಡ್ತಾಳಲ್ಲ?"

"ಅದನ್ನ ನಾ ನೋಡ್ಕೋತೀನಿ. ಅಕಿ ಒಂದ ಕಿಡ್ನಿ ಕೊಟ್ಟಾಳ. ಮತ್ತ 'ಅದನ್ನ ನಾನ ಕೈಯಾರೆ ಕೆಡಿಸಿದ್ನಿ' ಅನ್ನೂದು ಅಕಿ ತಲ್ಯಾಗ ಬರಬಾರದು. ನನ್ನ ಮ್ಯಾಲ ಆಣಿ ಇಡು."

ಆಣೆ ಇಟ್ಟೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಅಗೆದು ಬಿಟ್ಟವರ ಮೇಲೆ, ಖಾಲಿ ಪೈಪಿನ ಮೇಲೆ, ಅಪ್ಪನ ಆ ಧೋತರದ ತುಂಡಿನ ಮೇಲೆ. ಅವ್ವನ ಮೇಲೆ ಮಾತ್ರ ಏನು ಮಾಡಿದರೂ ಬರಲಿಲ್ಲ.

ಅಕ್ಕ ಹುಡುಕಿದ ಉಪಾಯ ಗಂಟಲು ನೋವು. ಮನೆಗೆ ಬಂದ ಮೇಲೆ ನಳ ಬಂದ ದಿನ ಅವ್ವ ಚರಿಗೆ ತಂದಾಗ, "ಗಂಟಲ ನೂಸ್ತೈತಿ ಯವ್ವಾ, ಕುದಿಸಿ ಕೊಡು" ಎಂದಳು. ಅವ್ವ ಚರಿಗೆ ಹಿಡಿದು ಅರೆಗಳಿಗೆ ನಿಂತಳು. "ಕುದಿಸ್ತೀನಿ ತಗೋ" ಎಂದು ಒಳಗೆ ಹೋದಳು. ಮುಂದೆ ಎಲ್ಲ ನೀರೂ ಕುದಿಯತೊಡಗಿತು. ನಾನೂ ಗಂಟಲು ನೋವೆಂದೆ.

ಡಾಕ್ಟರು ಪರೋಪಜೀವಿಗೆ ಗುಳಿಗೆ ಕೊಟ್ಟರು, ಇಂಥವರಲ್ಲಿ ಅದು ಪೂರಾ ಕೆಲಸ ಮಾಡುತ್ತದೆಂಬ ಭರವಸೆ ಕೊಡಲಿಲ್ಲ. ಮೈಗೆ ಹೊಡೆದಾಡುವ ಶಕ್ತಿ ಬರಲೆಂದು ಕಿಡ್ನಿಯ ಗುಳಿಗೆಗಳನ್ನು ಇಳಿಸಿದರು. ಅವನ್ನು ಇಳಿಸಿದರೆ ಮೈ ಅವ್ವನ ಕಿಡ್ನಿಯನ್ನೇ ಹೊರಗಿನದೆಂದು ಹೊಡೆಯುತ್ತದೆ, ಇಳಿಸದಿದ್ದರೆ ಭೇದಿ ನಿಲ್ಲುವುದಿಲ್ಲ. ಭೇದಿ ಕೊನೆಗೆ ನಿಂತಿತು. ಅಷ್ಟರಲ್ಲಿ ಕಿಡ್ನಿ ಸೋತಿತ್ತು.

ಮತ್ತೆ ಡಯಾಲಿಸಿಸ್. ಅಟ್ಟದ ಮೇಲಿಂದ ಆ ಪುಟ್ಟ ಸ್ಟೀಲ್ ಲೋಟವನ್ನು ಇಳಿಸಿದವಳು ಅಕ್ಕನೇ. "ಬಂದ್ಯಾ ಮತ್ತ?" ಎಂದು ಅದಕ್ಕೆ ಹೇಳಿ ತೊಳೆದಿಟ್ಟಳು. ನಾವು ಮತ್ತೆ ಬಾಗಿಲ ಹಿಂದೆ ನಿಂತು ನೀರು ಕುಡಿಯತೊಡಗಿದೆವು. ಮುಂದಿನ ಬೇಸಿಗೆ ಬರುವ ಮುಂಚೆ ಅವಳು ಹೋದಳು. ಕೊನೆಯ ಹೊತ್ತಿನಲ್ಲೂ ಬಾಯಾರಿಕೆಯಲ್ಲೇ ಇದ್ದಳು.

ಅದಾದ ಮೇಲೆ ನಾನು ತರಗತಿಯಲ್ಲಿ ಮಕ್ಕಳಿಗೆ ಪಾಠದ ನಡುವೆಯೇ ಹೇಳುತ್ತೇನೆ: ಹೊಸ ನೀರನ್ನೂ ಕಾಸಿರಿ, ಅದನ್ನೇ ಮೊದಲು ಕಾಸಿರಿ. ಪಾಠ ಬಿಟ್ಟು ಇದೇನು ಎಂದು ಮಕ್ಕಳು ನಗುತ್ತಾರೆ. ನಗಲಿ, ಮನೆಗೆ ಹೋಗಿ ಹೇಳಿದರೆ ಸಾಕು. ಅವ್ವನ ಮುಂದೆ ಮಾತ್ರ ಎಂದೂ ಬಾಯಿ ಬಿಡಲಿಲ್ಲ. ಆಣೆ ಇತ್ತು.

ಅಕ್ಕ ಹೋದ ಮೇಲೆ ಮೊದಲ ಸಲ ನಳ ಬಂದ ಬೆಳಿಗ್ಗೆ ನಾನು ಅಂಗಳದಲ್ಲಿ ಬ್ಯಾರಲ್ಲಿಗೆ ಪೈಪು ಬಿಟ್ಟು ಒಳಗೆ ಬಂದೆ. ಅವ್ವ ಒಲೆಯ ಮುಂದೆ ನಿಂತಿದ್ದಳು. ಮೊದಲ ಕೊಡದ ನೀರು ಕುದಿಯುತ್ತಿತ್ತು. ಅದನ್ನು ಇಳಿಸಿ, ತಾಟಿನಲ್ಲಿ ತಣ್ಣೀರು ಹಾಕಿ ಅದರಲ್ಲಿ ಪಾತ್ರೆ ಇಟ್ಟು ಆರಿಸಿದಳು. ಹಿತ್ತಾಳೆಯ ಚರಿಗೆಯ ಬಾಯಿಮಟ ತುಂಬಿ, ಮುಂದಿನ ಕೋಣೆಗೆ ಒಯ್ದು ಹೊಲಿಗೆ ಯಂತ್ರದ ಮೇಲೆ ಅಕ್ಕನ ಫೋಟೋದ ಮುಂದೆ ಇಟ್ಟಳು.

"ಈಗ್ಯಾಕ ಕುದಿಸಿದಿ ಯವ್ವಾ? ಅಕಿಗೆ ಹೊಸಾ ನೀರ ಹಂಗ ಸೇರ್ತಿದ್ವು" ಎಂದೆ, ಏನಾದರೂ ಆಡಬೇಕಲ್ಲ ಎಂದು.

ಅವ್ವ ಚರಿಗೆಯನ್ನು ಫೋಟೋದ ಹತ್ತಿರಕ್ಕೆ ಸರಿಸಿದಳು.

"ಅಕಿಗೇನ ಗಂಟಲ ನೂಸ್ತಿದ್ದಿಲ್ಲ" ಎಂದಳು. "ಸಣ್ಣಾಕಿ ಇದ್ದಾಗಿಂದ ಅಕಿಗೆ ಸುಳ್ಳ ಹೇಳಾಕ ಬರೂದಿಲ್ಲ. ಕುದಿಸಿ ಕೊಡು ಅಂದ ದಿನಾನ ನನಗ ತಿಳೀತು. ತಿಳದೈತಿ ಅಂತ ಗೊತ್ತಾದ್ರ ಅಕಿ ಅಳ್ತಾಳಂತ ಸುಮ್ನಿದ್ನಿ."

ಹೊರಗೆ ಬ್ಯಾರಲ್ ತುಂಬಿ ನೀರು ಅಂಗಳಕ್ಕೆ ಹರಿಯುವ ಸದ್ದು ಕೇಳಿಸುತ್ತಿತ್ತು.

"ಹೋಗು, ಪೈಪ ತೊಟ್ಟಿಗೆ ಬಿಡು. ನಳ ಹೋಗತಾವ" ಎಂದಳು ಅವ್ವ.