ಮೊಮ್ಮಗಳಿಗಾಗಿ ಎತ್ತಿಸಿದ ತಿಪ್ಪೆ

ನನ್ನ ಮೊಮ್ಮಗಳು ಮನೆಗೆ ಬಂದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ಬೆಣ್ಣೆಯಂಥ ಮಗು, ತಲೆತುಂಬ ಕೂದಲು. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದು ಈ ವರ್ಷದ ಹಲಸಿನ ಕಾಲದ ಮಾತು. ನಮ್ಮದು ನಂಜನಗೂಡು ತಾಲ್ಲೂಕಿನ ಕಾಡಂಚಿನ ಊರು. ಸೊಸೆ ಸವಿತಾ ಬಾಣಂತನಕ್ಕೆ ತಿ. ನರಸೀಪುರದ ತವರಿಗೆ ಹೋಗಿದ್ದಳು. ಕರೆದುಕೊಂಡು ಬರಲು ದಿನ ನೋಡಿಯೂ ಆಗಿತ್ತು. ನಾವು ಹಲಸಿನ ಸಿಪ್ಪೆಯನ್ನು ಹಸುವಿಗೆಂದು ಕಲಗಚ್ಚಿನ ಬಾನಿಗೆ ಹಾಕಿ ಹಿತ್ತಲ ಬಾಗಿಲಲ್ಲೇ ಇಡುತ್ತಿದ್ದೆವು. ಮಿಕ್ಕ ಕಸವೆಲ್ಲ ಪಕ್ಕದ ತಿಪ್ಪೆಗೆ. ಒಂದು ಬೆಳಗಿನ ಜಾವ ಕರಡಿ ಬಂದು ಬಾನಿ ಉರುಳಿಸಿ, ತಿಪ್ಪೆ ಕೆದಕಿ, ಬಾಗಿಲ ಮೇಲೆ ಉಗುರಿನ ಗೀರು ಬಿಟ್ಟು ಹೋಯಿತು. ನನ್ನ ಮಗ ಅದರ ಫೋಟೊ ತೆಗೆದು ಹೆಂಡತಿಗೆ ಕಳಿಸಿಬಿಟ್ಟ.

ಸಂಜೆಗೇ ಸವಿತಾಳ ಅಪ್ಪನ ಫೋನು ಬಂತು. "ಕರಡಿ ಬರೋ ಮನೆಗೆ ಅಸಿ ಬಾಣಂತೀನ, ಮಗೂನ ಎಂಗಕ್ಕಾ ಕಳ್ಸೋದು? ಈ ವರ್ಷ ಇಲ್ಲೇ ಇರ್ಲಿ ಬುಡಿ" ಅಂದರು.

ನಾನು ಕುಗ್ಗಲಿಲ್ಲ. ಕರಡಿಗೆ ನಮ್ಮ ಮೇಲೇನು ಹಗೆಯೇ? ವಾಸನೆ ಹಿಡಿದು ಬರುತ್ತದೆ, ವಾಸನೆ ಇಲ್ಲದಿದ್ದರೆ ಬರುವುದಿಲ್ಲ. ತಿಪ್ಪೆಯನ್ನು ಹೊಲದ ಆಚೆ ತುದಿಗೆ ಸಾಗಿಸೋಣ ಎಂದೆ. ನಮ್ಮ ಯಜಮಾನರು ಒಪ್ಪಲಿಲ್ಲ. ದೀಪಾವಳಿಗೆ ಹೂವಿಟ್ಟು ಪೂಜೆ ಮಾಡುವ ತಿಪ್ಪೆ, ಅವರಪ್ಪನ ಕಾಲದಿಂದ ಅಲ್ಲೇ ಇದೆ, ಲಕ್ಷ್ಮಿಯನ್ನು ಮನೆಯಿಂದ ಎತ್ತಿಹಾಕಬಾರದು ಎಂದರು.

"ಲಕ್ಷ್ಮಿ ನರಸೀಪುರದಲ್ಲಿ ತೊಟ್ಲಲ್ಲಿ ಮಲ್ಗವ್ಳೆ. ಅವ್ಳು ಬರ್ಬೇಕಾ, ಬ್ಯಾಡ್ವಾ? ನೀವೇ ಯೋಳಿ" ಅಂದೆ.

ಮಾರನೆಯ ದಿನ ಯಜಮಾನರು ತಿಪ್ಪೆಗೆ ಕೈಮುಗಿದು ತಾವೇ ಗಾಡಿಗೆ ತುಂಬಿದರು. ಸಿಪ್ಪೆಯನ್ನು ಬೆಳಕಿರುವಾಗಲೇ ಹಸುವಿಗೆ ತಿನ್ನಿಸಿ ಮುಗಿಸುವ ರೂಢಿ ನಾನು ಮಾಡಿಕೊಂಡೆ. ಅಡುಗೆಮನೆಯ ಕಸಕ್ಕೆ ಕಬ್ಬಿಣದ ಡ್ರಮ್ಮು ತರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಅದರ ಮುಚ್ಚಳಕ್ಕೆ ಬೆರಳು ತೂರಿಸಿ ಕೆಳಗಿನಿಂದ ತೆಗೆಯುವಂಥ ಚಿಲಕ ಹಾಕಿಸಿ, ಹಿತ್ತಲ ಕಲ್ಲುಕಂಬಕ್ಕೆ ಸರಪಳಿಯಲ್ಲಿ ಬಿಗಿಸಿದೆ.

ಕರಡಿ ಮತ್ತೊಮ್ಮೆ ಬಂತು. ಕಿಟಕಿಯಿಂದ ನೋಡುತ್ತಿದ್ದೆವು. ಡ್ರಮ್ಮನ್ನು ಮೂಸಿತು, ತಳ್ಳಿತು, ಮುಚ್ಚಳ ಪರಚಿತು, ಗೊರಗೊರ ಅನ್ನುತ್ತ ಕಾಡಿನ ಕಡೆ ಹೋಯಿತು. ಆಮೇಲೆ ಅದರ ಸುಳಿವಿಲ್ಲ.

ಬಂದು ನೋಡಿ ಹೋಗಿ ಎಂದು ಬೀಗರಿಗೆ ಹೇಳಿಕಳಿಸಿದೆ. ಬಂದವರು ಹಿತ್ತಲೆಲ್ಲ ಸುತ್ತಿ, ಡ್ರಮ್ಮಿನ ಮುಚ್ಚಳವನ್ನು ಎಳೆದೇ ಎಳೆದರು. ಆಳು ಗಟ್ಟಿಮುಟ್ಟು. ಬೆವರು ಬಂತೇ ಹೊರತು ಮುಚ್ಚಳ ಬರಲಿಲ್ಲ.

"ಏನಕ್ಕಾ ಇದು, ನನ್ ಕೈಲೇ ಆಯ್ತಾ ಇಲ್ವಲ್ಲ."

"ಕರಡಿ ಕೈಲೂ ಆಗ್ನಿಲ್ಲ ಬೀಗ್ರೇ. ಅದ್ಕಿಂತ ನೀವೇ ಜಾಸ್ತಿ ಒತ್ತು ಎಳುದ್ರಿ" ಅಂದೆ.

ನಕ್ಕವರೇ ಅಲ್ಲಿಂದಲೇ ಮಗಳಿಗೆ ಫೋನು ಮಾಡಿ, ಹೊರಡಲು ಬಟ್ಟೆಬರೆ ಜೋಡಿಸಿಕೋ ಎಂದರು.

ಮಗು ಬಂದ ದಿನ ಆರತಿ ಎತ್ತಿ ಒಳಗೆ ಕರೆದುಕೊಂಡೆ. ಹಟ ಹಿಡಿದು ನಿಂತು ಒಂದು ಕೆಲಸ ಮಾಡಿಸಿದೆನಲ್ಲ ಎಂದು ಈಗಲೂ ಎದೆ ಉಬ್ಬುತ್ತದೆ. ಸಂಜೆ ಎರಡೂ ಮನೆಯವರು ಒಂದೇ ಸಾಲಿನಲ್ಲಿ ಕೂತು ಮುದ್ದೆ, ಬಸ್ಸಾರು, ಪಾಯಸ ಉಂಡೆವು. ಸವಿತಾ ಹಿತ್ತಲ ಬಾಗಿಲ ಪಕ್ಕದಲ್ಲೇ ಕೂತು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.