ಊಟಿಗೆ ಹೊರಟು ಕದ್ರಾ ಮುಟ್ಟಿದ್ದು

ನನ್ನ ಗಂಡ ನಿವೃತ್ತರಾದ ಮೇಲಿನ ಮೊದಲ ಬೇಸಿಗೆಯಲ್ಲಿ ನಾವು ಊಟಿಗೆ ಹೋಗುವುದೆಂದು ತೀರ್ಮಾನವಾಯಿತು. ಕಚೇರಿಯಲ್ಲಿ ಕೈಕೆಳಗೆ ಜನ ಇದ್ದಾಗ ಅವರಿಗೆ ತೀರ್ಮಾನ ಮಾಡುವ ಅಭ್ಯಾಸವಾಗಿತ್ತು. ಈಗ ಕೈಕೆಳಗೆ ಉಳಿದವಳು ನಾನೊಬ್ಬಳೇ. ಕಾರವಾರದ ಹಬ್ಬುವಾಡದ ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಚಾ ಕುಡಿಯುವಾಗಲೇ ಬೆವರು ಇಳಿಯುವ ಮೇ ತಿಂಗಳು. ಅವರು ಫೋನಿನಲ್ಲಿ ಯಾವುದೋ ಸರೋವರದ ಚಿತ್ರ ತೋರಿಸಿ, "ನೋಡು, ಇಲ್ಲಿ ಜನ ಸ್ವೆಟರ್ ಹಾಕ್ಕಂಡು ದೋಣಿಲಿ ಕೂತಿದ್ದಾರೆ" ಎಂದರು. ಸ್ವೆಟರ್ ಕೊಳ್ಳಲು ಪೇಟೆಗೆ ಹೋದರೆ ಅಂಗಡಿಯವನು ನನ್ನ ಮುಖವನ್ನೇ ನೋಡಿ, "ಯಾರಿಗೆ ಜ್ವರ ಬಂದದೆ?" ಎಂದು ಕೇಳಿದ. ಅಟ್ಟದ ಮೇಲಿಂದ ಇಳಿಸಿಕೊಟ್ಟ ಸ್ವೆಟರುಗಳಿಗೆ ನುಸಿಗುಳಿಗೆಯ ವಾಸನೆ.

ಗಂಡನಿಗೂ ನನಗೂ ಒಂದೊಂದು. ಇನ್ನೊಂದು ಅವರ ಅಕ್ಕನಿಗೆ. ನನ್ನ ಈ ಅತ್ತಿಗೆ ಹಟ್ಟಿಕೇರಿಯಲ್ಲಿ ಗದ್ದೆ, ತರಕಾರಿ, ಒಂದು ಎಮ್ಮೆ ಇಟ್ಟುಕೊಂಡಿರುವ ಗಟ್ಟಿ ಹೆಂಗಸು. ದೊಡ್ಡವಳಾದ ಮೇಲೆ ಅಂಕೋಲೆ, ಕುಮಟಾ, ಕಾರವಾರ ಬಿಟ್ಟರೆ ಬೇರೆ ಊರು ನೋಡಿದವಳಲ್ಲ. "ಅಕ್ಕನನ್ನ ಒಂದ್ಸಲ ಕರ್ಕಂಡು ಹೋಗ್ಬೇಕು" ಎಂದು ಗಂಡ ವರ್ಷವರ್ಷವೂ ಹೇಳುತ್ತಿದ್ದರು. ಈ ಸಲ ಫೋನ್ ಮಾಡಿಯೇ ಬಿಟ್ಟರು. ಅತ್ತಿಗೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡುವವಳು. ಅದು ಸುಡುತ್ತದೆಂದು ಅವಳ ಅಭಿಪ್ರಾಯ. ಹಾಗಾಗಿ ಇವರು ಇಲ್ಲಿಂದ ಕೂಗಬೇಕು. ಇಡೀ ಓಣಿಗೆ ನಾವು ಊಟಿಗೆ ಹೋಗುವುದು ತಿಳಿಯಿತು. "ಬೆಳಿಗ್ಗೆ ಬೇಗ ತಯಾರಾಗಿ ರಸ್ತೆ ಬದಿಗೆ ಬಂದ್ ನಿಂತ್ಕ" ಎಂದು ಕೂಗಿ ಇಟ್ಟರು. "ಒಂದೇ ಮಾತಿಗೆ ಒಪ್ಪಿದ್ಳು ನೋಡು" ಎಂದು ಅವರಿಗೇ ಆಶ್ಚರ್ಯ.

ಹೇಳಿದ ದಿನ ಅತ್ತಿಗೆ ಹೆದ್ದಾರಿಯ ಬದಿಗೆ ಜರಿಯಂಚಿನ ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು ನಿಂತಿದ್ದಳು. ಕೈಯಲ್ಲಿ ಕರಿ ಇಶಾಡ ಮಾವಿನಹಣ್ಣಿನ ಬುಟ್ಟಿ ಮಾತ್ರ. ಬಟ್ಟೆಯ ಚೀಲ ಎಲ್ಲೂ ಕಾಣಲಿಲ್ಲ. ನಾನು ಕಣ್ಸನ್ನೆ ಮಾಡಿದೆ. ನಮ್ಮ ಕಾರಿನ ಡಿಕ್ಕಿಯಲ್ಲಿದ್ದ ನನ್ನ ಎರಡು ಸೂಟ್‌ಕೇಸುಗಳ ಮೇಲೆ ಮೊದಲೇ ಸಿಟ್ಟಿದ್ದ ಗಂಡ, "ಪ್ರಯಾಣ ಅಂದ್ರೆ ಹೀಂಗೆ ಹೋಗ್ಬೇಕು. ನಮ್ಮಕ್ಕನ್ನ ನೋಡಿ ಕಲಿ" ಎಂದರು. ಬಟ್ಟೆ ಹಣ್ಣಿನ ಕೆಳಗೆ ಇರಬಹುದೆಂದು ನಾನೂ ಸುಮ್ಮನಾದೆ.

ಅಂಕೋಲೆ ದಾಟಿ ಯಲ್ಲಾಪುರದ ರಸ್ತೆ ಹಿಡಿದೆವು. ಸುಂಕಸಾಳದಲ್ಲಿ ಚಾ ಕುಡಿಯಲು ಇಳಿದಾಗ ಬನ್ಸ್ ಬಿಸಿಬಿಸಿ ಇತ್ತು. ಅತ್ತಿಗೆ ತಟ್ಟೆಯನ್ನು ಆಚೆ ಸರಿಸಿದಳು.

"ನಂಗೆ ಬ್ಯಾಡ. ಈಗ್ಲೇ ಹೊಟ್ಟೆ ತುಂಬ್ಸ್ಕಂಡ್ರೆ ಅಲ್ಲಿ ಹೋಗಿ ಎಂತ ಉಂಬುದು? ಬಡಿಸ್ದವ್ರಿಗೂ ಬೇಜಾರು."

"ಎಲ್ಲಿ ಬಡಿಸ್ತಾರೆ?" ಎಂದೆ ನಾನು.

"ನಂಗೇನ್ ಗೊತ್ತದೆ? ತಮ್ಮನೇ ಅಲ್ದಾ ಊಟಕ್ಕೆ ಹೋಗ್ವಾ ಅಂತ ಫೋನ್ ಮಾಡದ್ದು. ಯಾರ ಮನಿ, ಮದ್ವಿಯೋ ಬಾಣಂತನವೋ ಒಂದೂ ಹೇಳ್ಲಿಲ್ಲ. ಬರಿಗೈಲಿ ಹೋಗೂದ್ ಹ್ಯಾಂಗೆ ಅಂತ ಹಣ್ಣು ತಂದೆ."

ಗಂಡ ಬನ್ಸ್ ಕೈಯಲ್ಲಿ ಹಿಡಿದು ಹಾಗೇ ಕೂತರು. ನಾನು ನಗಬಾರದೆಂದು ದುಪಟ್ಟಾ ಬಾಯಿಗೆ ಹಿಡಿದರೆ ಚಾ ನೆತ್ತಿಗೆ ಹತ್ತಿತು.

"ಊಟ ಅಲ್ಲ ಅಕ್ಕಾ, ಊಟಿ. ಗುಡ್ಡದ ಮೇಲಿನ ಊರು. ತಂಪು. ಒಂದು ವಾರ."

ಗುಡ್ಡ, ತಂಪು ಎಂಬ ಎರಡು ಮಾತು ಅವಳ ಕಿವಿಗೆ ಹೋದಂತೆ ಕಾಣಲಿಲ್ಲ. "ವಾರವಾ?" ಎಂದಳು. "ನನ್ನ ಎಮ್ಮೆಗೆ ಸಂಜಿಮುಂದೆ ಹಿಂಡಿ ಇಡೂರು ಯಾರು, ನೀನಾ? ತಿರುಗ್ಸು ಕಾರು."

ಚಾದಂಗಡಿಯ ಬೆಂಚಿನ ಮೇಲೆ ಅಕ್ಕ ತಮ್ಮಂದಿರ ಮಾತು ಬಹಳ ಹೊತ್ತು ನಡೆಯಿತು. ತಾನು ಸ್ಪಷ್ಟವಾಗಿ ಹೇಳಿದ್ದೆನೆಂದು ತಮ್ಮ. ಸ್ಪಷ್ಟವಾಗಿ ಊಟವೆಂದೇ ಕೇಳಿತೆಂದು ಅಕ್ಕ. ಕೊನೆಗೆ ನಾನೇ ಅವಳ ಫೋನಿನಿಂದ ಪಕ್ಕದ ಮನೆಯವಳೊಡನೆ ಮಾತಾಡಿದೆ. ಒಂದು ರಾತ್ರಿಯ ಮಟ್ಟಿಗೆ ಎಮ್ಮೆ ನೋಡಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚು ಆಗದು, ತನಗೂ ಸೌದೆ ಒಳಗೆ ಹಾಕುವುದಿದೆ ಎಂದಳು ಆಕೆ. ಒಂದು ರಾತ್ರಿಯಲ್ಲಿ ಊಟಿ ಆಗುವುದಿಲ್ಲ. ಗಂಡ ಫೋನಿನ ನಕ್ಷೆಯ ಮೇಲೆ ಬೆರಳು ಆಡಿಸಿ, ಸೋತ ದನಿಯಲ್ಲಿ ಹೊಸ ತೀರ್ಮಾನ ಪ್ರಕಟಿಸಿದರು: ಯಲ್ಲಾಪುರದ ಕೆರೆ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರು, ಜೋಯಿಡಾ, ಅಣಶಿ ಘಟ್ಟ, ಕದ್ರಾ, ಮನೆ. "ಗುಡ್ಡ ಆಯ್ತು, ನೀರೂ ಆಯ್ತು. ಊಟಿಲಿ ಮತ್ತೆಂತ ಅದೆ?" ಎಂದಳು ಅತ್ತಿಗೆ, ಸರಿಸಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತ.

ನನ್ನ ಗಂಡ ಸಮುದ್ರ ಬದಿಯ ಹೆದ್ದಾರಿಯಲ್ಲಿ ಅರಸನ ಹಾಗೆ ಕಾರು ಬಿಡುತ್ತಾರೆ. ಘಟ್ಟದಲ್ಲಿ ಅರಸೊತ್ತಿಗೆ ಹೋಗುತ್ತದೆ. ಅರಬೈಲ್ ಘಟ್ಟದಲ್ಲಿ ಒಂದು ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡೆವು. ಅವರು ಅದನ್ನು ದಾಟುವ ಮನಸ್ಸೇ ಮಾಡದೆ, ಮದುವೆ ಮೆರವಣಿಗೆಯಲ್ಲಿ ಹೋದಂತೆ ಹಿಂದೆ ಹಿಂದೆ ಹೋದರು. ಸೈಕಲ್ಲನ್ನೂ ಹೊಡೆಯದ ಅತ್ತಿಗೆ ಹಿಂದಿನ ಸೀಟಿನಿಂದ, "ಈಗ ಹೋಗು ತಮ್ಮಾ, ಈಗ ಜಾಗ ಅದೆ, ಹಾರ್ನ್ ಹಾಕು" ಎಂದು ನಡೆಸಿಕೊಡುತ್ತಿದ್ದಳು. ಕಚೇರಿಯಲ್ಲಿ ಯಾರ ಮಾತನ್ನೂ ಕೇಳದವರು ಅಂದು, "ಹೂಂ ಅಕ್ಕಾ, ಹೂಂ" ಎನ್ನುತ್ತ ಟ್ಯಾಂಕರನ್ನೇ ನೆಚ್ಚಿಕೊಂಡು ಮೇಲೆ ಹತ್ತಿದರು.

ಯಲ್ಲಾಪುರದಲ್ಲಿ ಲಾಡ್ಜು ಹಿಡಿದು, ಬಿಸಿಲು ಇಳಿದ ಮೇಲೆ ಕವಡಿಕೆರೆಗೆ ಹೋದೆವು. ಗಾಳಿ ನಿಜಕ್ಕೂ ತಂಪಿತ್ತು. ಗಂಡ ಕೈಕಟ್ಟಿ ನಿಂತು, ಕೆರೆಯನ್ನು ತಾವೇ ತೋಡಿಸಿದವರಂತೆ ನೋಡುತ್ತಿದ್ದರು. ಅತ್ತಿಗೆ ನೀರನ್ನು ಬೆರಳ ತುದಿಯಲ್ಲಿ ನಾಲಿಗೆಗೆ ತಾಗಿಸಿ, "ಉಪ್ಪೇ ಇಲ್ಲ" ಎಂದಳು. ತೀರಾ ನಿರಾಸೆಯ ದನಿ. ಅಲೆ ಇಲ್ಲದ ನೀರನ್ನು ಎಷ್ಟು ಹೊತ್ತು ನೋಡುವುದೆಂದು ಅವಳಿಗೆ ತಿಳಿಯಲಿಲ್ಲ. ಕೆರೆಗೆ ಬೆನ್ನು ಹಾಕಿ ಕೂತು, ದಂಡೆಯ ದೇವಸ್ಥಾನಕ್ಕೆ ಬಂದಿದ್ದ ಹೆಂಗಸರೊಂದಿಗೆ ಹರಿವೆ ಬೀಜದ ಮಾತಿಗೆ ಇಳಿದಳು. ಎದ್ದು ಬರುವಾಗ ಬುಟ್ಟಿಯ ಅರ್ಧ ಹಣ್ಣು ಅವರ ಪಾಲಾಗಿತ್ತು.

ಮರುದಿನ ಬೆಳಿಗ್ಗೆ ಉಡುವುದೇನು ಎಂಬ ಪ್ರಶ್ನೆ ಬಂತು. ಜರಿ ಸೀರೆಗೆ ಮಾವಿನಹಣ್ಣಿನ ರಸ ತಾಗಿತ್ತು. ನನ್ನ ಎರಡೂ ಸೂಟ್‌ಕೇಸುಗಳಲ್ಲಿ ಇದ್ದದ್ದೆಲ್ಲ ಚೂಡಿದಾರ. "ಈ ವಯಸ್ಸಿಗೆ ಪೈಜಾಮ ಹಾಕ್ಲಾ?" ಎಂದು ಅತ್ತಿಗೆ ಹಾಸಿಗೆಯ ಮೇಲೆ ಹರಡಿದ್ದನ್ನು ದೂರದಿಂದಲೇ ನೋಡಿದಳು. ಮತ್ತೆ ಬಾಗಿಲ ಚಿಲಕ ಹಾಕಿಕೊಂಡು ಬಹಳ ಹೊತ್ತು ಒಳಗಿದ್ದು, ನೀಲಿ ಚೂಡಿದಾರದಲ್ಲಿ ಹೊರಗೆ ಬಂದಳು. ಮೇಲೆ ಸ್ವೆಟರ್. ಸೆಕೆಯಾಗುತ್ತದೆಂದರೆ ಕೇಳಲಿಲ್ಲ. "ತಮ್ಮ ತಂದದ್ದು, ಇರ್ಲಿ" ಎಂದಳು. ಆ ಹೊತ್ತಿಗೆ ಗಂಡ ಕಾರು ತೊಳೆಸಲು ಹೋಗಿದ್ದರು. ವಾಪಸು ಬಂದು ಲಾಡ್ಜಿನ ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ, "ಸ್ವಲ್ಪ ದಾರಿ ಬಿಡಿ" ಎಂದು ಬಹಳ ಮರ್ಯಾದೆಯಿಂದ ಹೇಳಿ ಒಳಗೆ ಬಂದು, "ಅಕ್ಕ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ದಾರಿ ಬಿಟ್ಟೆನಲ್ಲ, ಮತ್ತೆಂತ ಬೇಕು?" ಎಂದಿತು ಹಿಂದಿನಿಂದ ಪರಿಚಯದ ದನಿ.

ಗಣೇಶಗುಡಿಗೆ ಹೋಗುವವರೆಗೂ ಅವರು ಕನ್ನಡಿಯಲ್ಲಿ ಅಕ್ಕನನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಅಲ್ಲಿ ಹಿನ್ನೀರು ಗುಡ್ಡದ ಸಂದುಗೊಂದಿನಲ್ಲೆಲ್ಲ ಚಾಚಿಕೊಂಡಿತ್ತು. ಬೇಸಿಗೆಯಾದ್ದರಿಂದ ನೀರು ಕೆಳಗಿಳಿದು, ದಂಡೆಯ ಕೆಂಪು ಮಣ್ಣು ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಗಂಡ ಅಲ್ಲಿ ನಿಂತು ನಮ್ಮ ಫೋಟೋ ತೆಗೆದರು. ಅತ್ತಿಗೆ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಬೆವರು ಒರೆಸುತ್ತ, ನಗದೆ ನಿಂತಳು. ನಮ್ಮ ಪ್ರವಾಸದ ಚಿತ್ರಗಳಲ್ಲಿ ಚಳಿಯ ಊರಿನಂತೆ ಕಾಣುವುದು ಅದೊಂದೇ.

ಅಣಶಿ ಘಟ್ಟ ಇಳಿಯುವವರೆಗೆ ನಗು, ಕೀಟಲೆ ನಡೆದೇ ಇತ್ತು. ಕೆಳಗೆ ಮರಗಳ ನಡುವೆ ಕದ್ರಾದ ಹಿನ್ನೀರು ಮಿಂಚಿದಾಗ ಅತ್ತಿಗೆ, "ನಿಲ್ಸು" ಎಂದಳು. ಗಂಡ ಅದಾಗಲೇ ಕಾರನ್ನು ಬದಿಗೆ ತೆಗೆಯುತ್ತಿದ್ದರು.

ಇವರ ತಾಯಿಯ ತವರು ಆ ನೀರಿನ ಅಡಿಯಲ್ಲಿದೆ. ಅಣೆಕಟ್ಟು ಆದಾಗ ಊರು ಮುಳುಗಿತು. ಸಣ್ಣವರಿದ್ದಾಗ ಇಬ್ಬರೂ ಪ್ರತಿ ಬೇಸಿಗೆಯನ್ನು ಆ ಅಜ್ಜಿಮನೆಯಲ್ಲೇ ಕಳೆದವರು. ನಾನು ಮದುವೆಯಾಗಿ ಬಂದಾಗಿನಿಂದ ಆ ಮನೆಯ ಹಲಸು, ಆ ಮನೆಯ ಹೊಳೆಮೀನಿನ ಸಾರು ಎಂದು ಕೇಳುತ್ತಲೇ ಬಂದಿದ್ದೆ. ಕಾರವಾರದಿಂದ ಹೆಚ್ಚು ದೂರವೇನಲ್ಲ. ಆದರೂ ಊರು ಮುಳುಗಿದ ಮೇಲೆ ಇಬ್ಬರೂ ಈ ಕಡೆ ತಲೆ ಹಾಕಿರಲಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ.

ದಂಡೆಗೆ ಇಳಿದೆವು. ಗಂಡ ನೀರಿನ ಕಡೆ ಕೈ ತೋರಿಸಿ, "ಅಲ್ಲಿ, ಆ ಒಣಮರದ ನೇರಕ್ಕೆ ಮನೆ" ಎಂದು ನನಗೆ ಹೇಳಿದರು.

"ಯಾರ ಮನಿ ಅದು?" ಎಂದಳು ಅತ್ತಿಗೆ. "ಅಜ್ಜಿಮನಿ ಈಚೆ, ಆ ಗುಡ್ಡದ ಬುಡಕ್ಕೆ."

"ಗುಡ್ಡದ ಬುಡಕ್ಕೆ ಗದ್ದೆ ಇತ್ತು ಅಕ್ಕಾ."

"ಗದ್ದೆ ಹೊಳಿ ಬದಿಗೆ. ನೀ ಗದ್ದೆಗೆ ಯಾವಾಗ ಇಳದಿದ್ದೆ? ಜಗಲಿ ಮೇಲೆ ಕೂತ್ಕಂಡು ಹಪ್ಪಳ ತಿಂತಿದ್ದೆ."

ಇಬ್ಬರೂ ನೀರಿನ ಅಂಚಿನಲ್ಲಿ ನಿಂತು, ಕಾಣದ ಮನೆಯನ್ನು ಅತ್ತಿತ್ತ ಸರಿಸುತ್ತ ಹೋದರು. ತಮ್ಮ ಬಾವಿಯನ್ನು ಬಲಕ್ಕೆ ಇಟ್ಟರೆ ಅಕ್ಕ ಎಡಕ್ಕೆ ಎಳೆದಳು. ಹಲಸಿನ ಮರವೊಂದು ನನ್ನ ಕಣ್ಣೆದುರಿಗೇ ನಾಲ್ಕಾರು ಕಡೆ ಹುಟ್ಟಿ ಬೆಳೆಯಿತು. ನಾನು ಕಲ್ಲಿನ ಮೇಲೆ ಕೂತು ಹಣ್ಣು ತಿನ್ನುತ್ತ, ಈ ಜಗಳ ಯಾವ ಕಚೇರಿಯಲ್ಲೂ ಬಗೆಹರಿಯುವುದಲ್ಲ ಎಂದುಕೊಂಡೆ.

ನಾನು ಹಣ್ಣು ತಿಂದು ಮುಗಿಸಿದೆ. ತಲೆ ಎತ್ತಿದಾಗ ಅತ್ತಿಗೆ ಚೂಡಿದಾರವನ್ನು ಮಂಡಿಯವರೆಗೆ ಎತ್ತಿಕೊಂಡು ನೀರಿಗೆ ಇಳಿದಿದ್ದಳು. ಗಂಡ ಅವಳ ತೋಳು ಹಿಡಿದುಕೊಂಡಿದ್ದರು. ಅವರ ಬೂಟು ಪೂರ್ತಿ ಮುಳುಗಿತ್ತು. ಅವಳು ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದು, ಉಳಿದದ್ದನ್ನು ತಮ್ಮನ ತಲೆಗೆ ಚಿಮುಕಿಸಿದಳು.

"ರಜೆ ಮುಗಿದು ಹೊರಡೂ ದಿನ ಇವ ಜಗಲಿ ಕಂಬ ಹಿಡ್ಕಂಡು ಕಣ್ಣೀರ್ ಹಾಕಿ ಕೂಗ್ತಿದ್ದ" ಎಂದು ನನಗೆ ಹೇಳಿದಳು. "ಅಜ್ಜಿ ಬಂದು ಇವನ ಬೆರಳು ಒಂದೊಂದೇ ಬಿಡಿಸ್ಬೇಕಿತ್ತು."

"ಅಕ್ಕನೂ ಕೂಗ್ತಿದ್ಳು" ಎಂದರು ಗಂಡ.

"ಕೂಗ್ತಿದ್ದೆ" ಎಂದಳು ಅತ್ತಿಗೆ, ವಾದ ಮಾಡದೆ.

ಅವರನ್ನು ನಾನು ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಮೇಲೆ ಬಂದರು. ಬೂಟಿನ ನೀರು ಸುರಿಯುತ್ತ ಗಂಡ ಹಸಿವೆ ಎಂದರು, ಅತ್ತಿಗೆಗೂ ಹಸಿವಾಗಿತ್ತು. ಮಲ್ಲಾಪುರದ ಒಂದು ಸಣ್ಣ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಮೀನು ಸಿಕ್ಕಿತು. ಮಸಾಲೆ ಅರೆದದ್ದು ಸಾಲದೆಂದು ಇಬ್ಬರೂ ಒಂದೇ ದನಿಯಲ್ಲಿ ದೂರಿದರು, ಎರಡೆರಡು ಸಲ ಬಡಿಸಿಕೊಂಡರು. ಗಂಡ ಅನ್ನ ಕಲಸುವ ನಡುವೆ ತಮ್ಮ ತಟ್ಟೆಯ ಹುರಿದ ಮೀನನ್ನು ಅಕ್ಕನ ತಟ್ಟೆಗೆ ಹಾಕಿದರು. ಅವಳು ಅದರ ಮುಳ್ಳು ಬಿಡಿಸಿ, ಅರ್ಧವನ್ನು ಅವರ ಅನ್ನದ ಮೇಲೆ ವಾಪಸು ಇಟ್ಟಳು.